ಹತ್ತಿರದ ಕೇಂದ್ರಕ್ಕೆ ಕಳಿಸಿದ ಮಹಾದೇವಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮುದ್ದೇಬಿಹಾಳ ಸೀಮೆಯ ಒಂದು ಎಆರ್‌ಟಿ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಎಚ್‌ಐವಿ ಇದ್ದವರಿಗೆ ಜೀವನಪರ್ಯಂತ ನುಂಗಬೇಕಾದ ಮಾತ್ರೆ ಕೊಡುವ ಜಾಗವದು. ಮಾತ್ರೆ ಸರ್ಕಾರದ್ದು, ತಾರೀಖು ತಪ್ಪಿಸಿದವರನ್ನು ಹುಡುಕಿಕೊಂಡು ಹೋಗುವ ಕಾರ್ಯಕರ್ತೆಯರು ಮಾತ್ರ ವಿದೇಶಿ ನೆರವಿನ ಯೋಜನೆಯವರು. ಆ ಮಾರ್ಚ್‌ಗೆ ನೆರವು ನಿಂತಿತು, ಇನ್ನು ಎಲ್ಲವನ್ನೂ ನಾವೇ ನಡೆಸಬೇಕೆಂದು ಆದೇಶ ಬಂತು. ಪರದೇಶದವರ ಹಂಗು ತಪ್ಪಿತು ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ.

ಮೊದಲು ಪಟ್ಟಿ ಹಿಡಿದು ಕೂತೆ. ಇಂಡಿ ತಾಲೂಕಿನವರು ನಮ್ಮಲ್ಲಿಗೆ ಬರುತ್ತಿದ್ದರು, ನಮ್ಮವರು ಸಿಂದಗಿಗೆ ಹೋಗುತ್ತಿದ್ದರು. ಇದೆಂಥ ಹುಚ್ಚಾಟ! ಎಲ್ಲರನ್ನೂ ಅವರವರ ಊರಿನ ಹತ್ತಿರದ ಕೇಂದ್ರಕ್ಕೆ ವರ್ಗಾಯಿಸುವ ಕಾಗದ ಸಿದ್ಧಪಡಿಸಿದೆ.

ಯೋಜನೆಯ ಕಾರ್ಯಕರ್ತೆ ಶಮೀಮ್ ಕೊನೆಯ ದಿನ ನನ್ನ ಕೋಣೆಗೆ ಬಂದಳು. ಒಂಬತ್ತು ವರ್ಷ ದುಡಿದವಳು, ತಾನೂ ಇದೇ ಮಾತ್ರೆ ನುಂಗುವವಳು.

"ಸರ್, ಸಹಿ ಮಾಡೂಕಿಂತ ಮೊದಲ ಒಬ್ಬೊಬ್ಬರನ್ನ ಕೇಳ್ರಿ. ದೂರ ಅಂತ ಗೊತ್ತಿದ್ದೇ ಬರ್ತಾರ ಅವರು."

"ಎಲ್ಲಾ ಕಂಪ್ಯೂಟರ್‌ನಾಗ ಐತಿ. ನೀ ಚಿಂತಿ ಮಾಡಬ್ಯಾಡ."

"ಅದರಾಗ ಊರ ಐತ್ರಿ. ಅಂಜಿಕಿ ಎಲ್ಲೈತಿ?"

ನಾನು ಸಹಿ ಹಾಕಿದೆ.

ಇಂಡಿ ಕಡೆಯ ಮಹಾದೇವಿ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ವಿಧವೆ. ತಂಗಿಯ ಮನೆಗೆಂದು ಹೇಳಿ ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದಳು. ವರ್ಗಾವಣೆ ಚೀಟಿ ಕೊಟ್ಟಾಗ "ಹೂಂರಿ" ಎಂದಷ್ಟೇ ಹೇಳಿ ಸೆರಗಿಗೆ ಗಂಟು ಹಾಕಿಕೊಂಡಳು. ಅನುಕೂಲವಾಯಿತಲ್ಲ ಎಂದು ಖುಷಿಪಟ್ಟೆ, ನಾನೆಂಥ ಹುಂಬ.

ಏಳು ತಿಂಗಳಾದ ಮೇಲೆ ಶಮೀಮ್ ಅವಳನ್ನು ಆಟೋದಲ್ಲಿ ಕರೆತಂದಳು. ಕೆಲಸ ಹೋಗಿದ್ದರೂ ತನ್ನ ಹಳಬರಿಗೆ ಆಗಾಗ ಫೋನ್ ಮಾಡುತ್ತಿದ್ದಳಂತೆ. ಮಹಾದೇವಿ ಮೂಳೆ ಚಕ್ಕಳವಾಗಿದ್ದಳು. ಕ್ಷಯ ಮಿದುಳಿಗೇರಿತ್ತು. ಹೊಸ ಕೇಂದ್ರಕ್ಕೆ ಒಂದೇ ಸಲ ಹೋಗಿದ್ದಳು. ಅದೇ ಆಸ್ಪತ್ರೆಗೆ ಬಿ.ಪಿ. ಮಾತ್ರೆಗೆಂದು ಬಂದಿದ್ದ ಅವಳ ಓಣಿಯ ಹೆಂಗಸೊಬ್ಬಳು ಹೆಸರು ಹಿಡಿದು ಕೂಗಿದ್ದೇ ತಡ, ತಲೆನೋವೆಂದು ಹೇಳಿ ಹಿಂದಿರುಗಿದ್ದಳು. ಆಮೇಲೆ ಮಾತ್ರೆಯೇ ಇಲ್ಲ. ನಮ್ಮ ದಾಖಲೆಯಲ್ಲಿ ಆಕೆ 'ವರ್ಗಾವಣೆ', ತಾರೀಖು ತಪ್ಪಿಸಿದವರ ಪಟ್ಟಿಗೆ ಬರಲೇ ಇಲ್ಲ. ಹುಡುಕಿಕೊಂಡು ಹೋಗಬೇಕಾದ ಶಮೀಮಳನ್ನು ನಾವೇ ಮನೆಗೆ ಕಳಿಸಿದ್ದೆವು.

"ನನಗ ಒಂದ್ ಮಾತ್ ಹೇಳಬಾರದೇನವಾ?" ಎಂದೆ.

"ಗೊತ್ತಾದ್ರ ನನ್ನ ಕೈಯಾನ ಅನ್ನ ಯಾವ ಕೂಸ ಉಣ್ಣತೈತ್ರಿ ಸಾಹೇಬ್ರ?"

ಹನ್ನೊಂದನೆಯ ದಿನ ತೀರಿಕೊಂಡಳು. ಮಾತ್ರೆ ಎಂದೂ ಖಾಲಿಯಾಗಿರಲಿಲ್ಲ, ಎರಡೂ ಕೇಂದ್ರಗಳ ಬಾಗಿಲು ತೆರೆದೇ ಇತ್ತು. ಅವಳನ್ನು ಕೊಂದದ್ದು ನನ್ನ ಸಹಿ ಎಂದು ಇಂದಿಗೂ ಅನಿಸುತ್ತದೆ.

ಕಾರ್ಯಕ್ರಮ ನಮ್ಮದಾಯಿತು ಎಂದರೆ ಕಟ್ಟಡ, ಕಪಾಟು ನಮ್ಮದಾಗುವುದಲ್ಲ. ಬಾರದೆ ಉಳಿದವರೂ ನಮ್ಮವರೇ ಆಗಬೇಕು. ಇಷ್ಟನ್ನು ಕಲಿಯಲು ನನಗೆ ಒಂದು ಹೆಣ ಬೇಕಾಯಿತು.

ಮಣ್ಣು ಮಾಡಿದ ಮರುದಿನ ಶಮೀಮಳನ್ನು ಕರೆಸಿ ಆ ಪಟ್ಟಿ ತೆಗೆದೆ. ನಾನು ಹೆಸರು ಓದಿದಂತೆ ಯಾರಿಗೆ ಎಲ್ಲಿ, ಯಾರ ಅಂಜಿಕೆ ಎಂದು ಅವಳು ಹೇಳುತ್ತಾ ಹೋದಳು. ಐದನೆಯ ಹೆಸರು ಮಹಾದೇವಿಯದು. ನಾನು ಪಟ್ಟಿಯನ್ನು ಮೇಜಿನ ಮೇಲಿಟ್ಟೆ.

"ಮುಂದಿನ ಹೆಸರ ಓದ್ರಿ ಸರ್" ಎಂದಳು ಶಮೀಮ್. "ಉಳದವರರೆ ಇನ್ನೂ ಜೀವಂತ ಅದಾರ."