ಇಪ್ಪತ್ತೆರಡು ಪೌಂಡ್ ಹೆಚ್ಚು

ಕ್ಯಾಲಿಫೋರ್ನಿಯಾದ ಪೋರ್ಟರ್ ರ್ಯಾಂಚ್ ಬಡಾವಣೆಯ ಕಲಾವತಿಯವರ ಅಡುಗೆಮನೆಯಲ್ಲಿ ಇದುವರೆಗೆ ಒಂದೇ ಒಂದು ಮೀನು ಬೆಂದಿಲ್ಲ. ಗ್ಯಾರೇಜಿನಲ್ಲಿ ಮಾತ್ರ ಮೀನು ಹಿಡಿಯುವ ಕೋಲುಗಳು ಏಳಿವೆ. ಮನೆಗೆ ಬಂದ ನೆಂಟರಿಗೆ ಈ ಎರಡು ಸಂಗತಿಗಳನ್ನು ಒಟ್ಟಿಗೆ ಅರಗಿಸಿಕೊಳ್ಳುವುದು ಕಷ್ಟ. ಅದಕ್ಕೆ ಕಲಾವತಿ ಏನು ಮಾಡಿಯಾರು? ಕಾಫಿ ಕೊಟ್ಟು ಕಳಿಸುತ್ತಾರೆ.

ಮೂವತ್ತೊಂದು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ದುಡಿದವರು ಅವರು. 2020ರ ಜನವರಿಯಲ್ಲಿ ನಿವೃತ್ತರಾದರು. ಮಾರ್ಚ್‌ನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕನ್ನಡ ಸಂಘದ ಯುಗಾದಿ ಊಟವಿಲ್ಲ, ಭಜನೆಯಿಲ್ಲ. ಆ ಬೇಸಿಗೆಯಲ್ಲೊಂದು ದಿನ ಗುಡ್ಡದಾಚೆಯ ಜಲಾಶಯದ ದಡದಲ್ಲಿ ನಡೆದಾಡುತ್ತಿದ್ದಾಗ, ಆರಡಿ ದೂರದಲ್ಲಿದ್ದ ಅಪರಿಚಿತ ಮುದುಕನೊಬ್ಬ ತನ್ನ ಕೋಲನ್ನು ನೆಲದ ಮೇಲಿಟ್ಟು, ಹಿಂದೆ ಸರಿದು, ಹಿಡಿದು ನೋಡಿ ಎಂದು ಸನ್ನೆ ಮಾಡಿದ. ಹತ್ತು ನಿಮಿಷದಲ್ಲಿ ದಾರ ಬಿಗಿಯಾಯಿತು. ಅಷ್ಟು ವರ್ಷ ಗಾಜಿನ ಮೇಲೆ ಸತ್ತ ಜೀವಕೋಶಗಳನ್ನೇ ನೋಡಿದ್ದ ಹೆಂಗಸಿನ ಅಂಗೈಯನ್ನು ಬದುಕಿರುವ ಪ್ರಾಣಿಯೊಂದು ಜಗ್ಗಿತು. ಖುಷಿಗೆ ಅವರು ಚಿಕ್ಕ ಹುಡುಗಿಯ ಹಾಗೆ ಕೂಗಿಕೊಂಡರು. ಮೀನನ್ನು ನೀರಿಗೆ ಬಿಟ್ಟು, ಮನೆಗೆ ಬಂದು ಸ್ನಾನ ಮಾಡಿದರು.

ಗಂಡ ಅರವಿಂದ, ಸೇತುವೆಗಳ ಭಾರ ಲೆಕ್ಕ ಹಾಕುತ್ತಲೇ ತಲೆ ನರೆಸಿಕೊಂಡ ಎಂಜಿನಿಯರು. ಅಂದು ಅವರು ಕೇಳಿದ ಪ್ರಶ್ನೆಯನ್ನು ಆಮೇಲೂ ಬಿಡಲಿಲ್ಲ.

"ಬಿಡೋದಾದ್ರೆ ಹಿಡಿಯೋದ್ಯಾಕೆ? ತಿನ್ನೋನಿಗಾದ್ರೂ ಹಸಿವು ಅಂತ ಒಂದು ಕಾರಣ ಇರುತ್ತೆ. ನಿನ್ನದು ಸುಮ್ನೆ ಅದರ ಬಾಯಿ ಚುಚ್ಚಿ ಕಳಿಸೋ ಕೆಲಸ."

ನನ್ನ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚುವ ಕೊಕ್ಕೆಮುಳ್ಳಿಲ್ಲ, ಅದಕ್ಕೆ ಅಷ್ಟು ನೋಯುವುದಿಲ್ಲ ಎನ್ನುತ್ತಿದ್ದರು ಕಲಾವತಿ. ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತಿತ್ತು.

ಅವರು ಆಸೆಪಟ್ಟದ್ದು ಉತ್ತರ ಕೆನಡಾದ ಒಂದು ಸರೋವರವನ್ನು. ಅಲ್ಲಿಗೆ ರಸ್ತೆಯಿಲ್ಲ, ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲೇ ಹೋಗಬೇಕು. ಸರೋವರದಿಂದ ನದಿ ಹೊರಡುವ ಕಡೆ ತೊಡೆಗಾತ್ರದ ಟ್ರೌಟ್ ಮೀನುಗಳಿವೆಯಂತೆ. 2021ರಲ್ಲಿ ಹೊರಡೋಣವೆಂದರೆ ಗಡಿ ಮುಚ್ಚಿತ್ತು. 2022ರಲ್ಲಿ ಡಾಕ್ಟರು ಅರವಿಂದರ ಎದೆ ಬಿಚ್ಚಿ ಹೊಲಿದರು. 2023ರಲ್ಲಿ ಅಲ್ಲಿಯ ಕಾಡಿಗೇ ಬೆಂಕಿ ಬಿತ್ತು. ಪ್ರತಿ ಸಲವೂ ಮುಂದಿನ ವರ್ಷ ಎಂದುಕೊಂಡು ನಕಾಶೆಯನ್ನು ಮಡಿಸಿಟ್ಟರು. 2024ರ ಫೆಬ್ರವರಿಯಲ್ಲಿ ಡಾಕ್ಟರು ಕಲಾವತಿಯವರ ಸವೆದ ಬಲಭುಜದ ಎಕ್ಸ್‌ರೇ ನೋಡಿ, ಈ ಬೇಸಿಗೆಗೆ ಕೋಲು ಬೀಸಬಹುದು, ಬರುವ ಬೇಸಿಗೆಯದ್ದು ನಾನು ಹೇಳಲಾರೆ ಎಂದರು. ಈ ಸಲ ತಪ್ಪಿದರೆ ತಪ್ಪಿದ ಹಾಗೆಯೇ. ಕಲಾವತಿ ಅದನ್ನು ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಜೊತೆಗೆ ಹೊರಟವರು ಸ್ಯಾನ್ ಡಿಯಾಗೋದ ಟೆಲಿಕಾಂ ಎಂಜಿನಿಯರ್ ಗುರುಕಿರಣ್ ಮತ್ತು ಅವನ ಹೆಂಡತಿ ಪಂಕಜಾ. ಇವರೂ ಹಿಡಿದು ಬಿಡುವವರೇ, ಮೊಟ್ಟೆಯನ್ನೂ ಮುಟ್ಟದವರು. ಇಂಥ ಮೀನುಗಾರರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇನ್ನೆಷ್ಟು ಜನರಿದ್ದಾರೋ, ಕಲಾವತಿಗೆ ಸಿಕ್ಕಿದ್ದು ಇವರಿಬ್ಬರು.

ಜೂನ್‌ನ ಒಂದು ಶನಿವಾರ ಮಧ್ಯಾಹ್ನ ಆ ದಂಪತಿ ಆರ್ಟೀಸಿಯಾದ ಭಾರತೀಯ ಅಂಗಡಿಗಳಲ್ಲಿ ಹತ್ತು ದಿನದ ದಿನಸಿ ಕಟ್ಟಿಸಿಕೊಂಡು ಬಂದಿಳಿದರು. ಅರವಿಂದ ಬಾತ್‌ರೂಮಿನ ತೂಕದ ಯಂತ್ರವನ್ನು ಹಾಲ್‌ನಲ್ಲಿಟ್ಟು, ಮೂಗಿನ ಮೇಲೆ ಕನ್ನಡಕ ಏರಿಸಿ ಕಾದಿದ್ದರು. ಅವರು ಹೋಗುವವರಲ್ಲ, ಆದರೆ ಭಾರದ ಲೆಕ್ಕವೆಂದರೆ ಹಬ್ಬ. ಸರೋವರದ ದಡದಲ್ಲಿ ಮೀನುಗಾರರಿಗೆ ಇಳಿಯಲು ಜಾಗ ಕೊಡುವ ಕ್ಯಾಂಪ್‌ನವರ ಪತ್ರ ಸ್ಪಷ್ಟವಾಗಿತ್ತು: ಜನ, ಗಂಟುಮೂಟೆ, ಊಟದ ಸಾಮಾನು ಎಲ್ಲ ಸೇರಿ ಆರುನೂರ ಇಪ್ಪತ್ತು ಪೌಂಡ್. ವಿಮಾನ ಒಂದೇ, ಹೋಗುವುದೂ ಒಂದೇ ಸಲ.

ಗುರುಕಿರಣ್ ತನ್ನ ತೂಕ ನೂರ ಎಪ್ಪತ್ತೆರಡು ಎಂದು ಬರೆದು ಕಳಿಸಿದ್ದ. ಯಂತ್ರ ನೂರ ತೊಂಬತ್ತೆಂಟು ತೋರಿಸಿತು.

"ಶೂ ಹಾಕ್ಕೊಂಡಿದೀನಿ ಸರ್."

"ಇಪ್ಪತ್ತಾರು ಪೌಂಡ್ ಶೂನಾ?" ಎಂದರು ಅರವಿಂದ.

ಅಲ್ಲಿಂದ ಶುರುವಾಯಿತು ಕತ್ತರಿ. ಈರುಳ್ಳಿ ಹೋಯಿತು, ಆಲೂಗಡ್ಡೆ ಹೋಯಿತು. ಪಂಕಜಾ ಕಣ್ಣೀರು ಹಾಕುವುದೊಂದು ಬಾಕಿ, ಕುಕ್ಕರನ್ನೂ ಬಿಟ್ಟುಕೊಟ್ಟಳು. ಅಕ್ಕಿ, ಬೇಳೆ, ಅವಲಕ್ಕಿ, ಗೋಧಿಹಿಟ್ಟು ತಲೆಗೆ ಇಪ್ಪತ್ನಾಲ್ಕು ಪೌಂಡಿಗೆ ಬಂದು ನಿಂತವು. ಇನ್ನು ಕಡಿಮೆ ಮಾಡಿದರೆ ಹತ್ತು ದಿನ ಬರುವುದಿಲ್ಲ. ಆದರೂ ಮೊತ್ತ ಇಪ್ಪತ್ತೆರಡು ಪೌಂಡ್ ಹೆಚ್ಚೇ ಇತ್ತು.

ಅರವಿಂದ ಪತ್ರವನ್ನು ಇನ್ನೊಮ್ಮೆ ಓದಿ ನಕ್ಕರು. "ಇಲ್ನೋಡಿ. ಊಟದ ಸಾಮಾನು ತಲೆಗೆ ಹದಿನೈದು ಪೌಂಡ್ ಸಾಕು, ಮಿಕ್ಕಿದ್ದು ಸರೋವರ ಕೊಡುತ್ತೆ ಅಂತ ಬರ್ದಿದ್ದಾರೆ. ಅವರ ಲೆಕ್ಕ ಸರಿಯಾಗೇ ಇದೆ. ಮೀನು ಹಿಡಿಯೋಕೆ ಬರೋರು ಮೀನು ತಿಂತಾರೆ ಅಂದ್ಕೊಂಡಿದ್ದಾರೆ, ಪಾಪ."

ಗುರುಕಿರಣ್ ಶೂ ಲೇಸು ಕಟ್ಟಿಕೊಳ್ಳುತ್ತ, ಎಲ್ಲರಿಗೂ ಹಗುರವಾಗಲೆಂದೇ ಹೇಳಿದ: "ಹೋಗ್ಲಿ ಬಿಡಿ ಅಕ್ಕ, ಮುಂದಿನ ವರ್ಷ ದೊಡ್ಡ ವಿಮಾನ ಇರೋ ಜಾಗ ನೋಡೋಣ. ನಾನೂ ಅಷ್ಟರಲ್ಲಿ ತೂಕ ಇಳಿಸ್ತೀನಿ."

ಅರವಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಕಲಾವತಿ ಎದ್ದು, ಯಂತ್ರದ ಪಕ್ಕದಲ್ಲಿದ್ದ ತಮ್ಮ ಪಾಲಿನ ಚೀಲವನ್ನು ಎಡಗೈಯಲ್ಲಿ ಎಳೆದುಕೊಂಡು ಬಿಚ್ಚಿದರು. ಉಪ್ಪು, ಖಾರದಪುಡಿ, ನಾಲ್ಕು ನಿಂಬೆಹಣ್ಣು, ಒಂದು ಹಿಡಿ ಅವಲಕ್ಕಿ ಪಕ್ಕಕ್ಕಿಟ್ಟು ಉಳಿದದ್ದನ್ನು ಅಡುಗೆಮನೆಗೆ ತಳ್ಳಿದರು.

"ಇಷ್ಟು ಎರಡು ಪೌಂಡ್ ಆಗುತ್ತೆ. ತೂಗಿ ನೋಡಿ."

"ಮತ್ತೆ ಹತ್ತು ದಿನ ಏನು ತಿಂತೀರಾ ಅಕ್ಕ?" ಎಂದಳು ಪಂಕಜಾ.

"ದಿನಾ ಒಂದು ಮೀನು ಇಟ್ಕೊಳ್ಳೋಕೆ ಪರ್ಮಿಷನ್ ಇದೆ. ಅದನ್ನೇ ತಿಂತೀನಿ."

ಅರವತ್ತಾರು ವರ್ಷ ತಿನ್ನದ್ದನ್ನು ಬಾಯಿಗಿಡುವ ಭಯ ನಿಜವಾದ ಭಯ. ಕೈಯಲ್ಲಿ ಹಿಡಿದು ಅದರ ಕಣ್ಣು ನೋಡಿ ಕೊಲ್ಲಬೇಕಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಭಯ. ಆದರೆ ಆ ಸರೋವರ ಬೇಕಾಗಿತ್ತು, ಮಾತು ಹಿಂದೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಅರವಿಂದ ಎರಡು ಪೌಂಡಿನ ಚೀಲ ತೂಗಿದರು, ಕೂಡಿದರು, ಆರುನೂರ ಇಪ್ಪತ್ತು ಎಂದು ಬರೆದು ಕೆಳಗೆ ಗೀಟು ಎಳೆದರು.

"ಮೀನು ಹುರಿದ ಬಾಣಲೆ ಈ ಮನೆಗೆ ಬರಕೂಡದು."

"ಬಾಣಲೆ ಕ್ಯಾಂಪ್‌ನವರದ್ದು ರೀ. ನಮ್ಮ ತೂಕಕ್ಕೆ ಬರಲ್ಲ."

ಅವರು ಹಾಳೆ ಮಡಿಸಿ ಹೆಂಡತಿಯ ಕೈಗೆ ಕೊಟ್ಟರು. ಯಂತ್ರ ಎತ್ತಿಕೊಂಡು ಬಾತ್‌ರೂಮಿನ ಕಡೆ ಹೊರಟವರು ಬಾಗಿಲಲ್ಲಿ ನಿಂತರು.

"ಅದರಲ್ಲಿ ಮುಳ್ಳಿರುತ್ತಂತೆ ಕಲಾ. ನೋಡ್ಕೊಂಡು ತಿನ್ನು."