ಬಾಗಿಲಕ್ಕನ ಎರವಲು ನಾಲಿಗೆ

ಇನ್ನೂ ಬೆಳಗಾಗಿಲ್ಲ. ಬೆಳಗಾಗುವ ಮನಸ್ಸು ಮಾಡಿದೆ, ಅಷ್ಟೇ. ಅಳಿವೆಯ ಮೇಲೆ ಮಂಜು ಮಲಗಿದೆ, ಗದ್ದೆಬಯಲಿನ ಮೇಲೂ ಮಲಗಿದೆ. ಎರಡನ್ನೂ ಬೇರೆ ಮಾಡುವ ಮಣ್ಣಿನ ಏರಿ ಮಾತ್ರ ಕಪ್ಪಗೆ, ಉದ್ದಕ್ಕೆ ಕಾಣುತ್ತಿದೆ. ಏರಿಯ ನಡುಮಧ್ಯೆ ಎರಡು ಕಲ್ಲುಕಂಬಗಳು, ಆ ಕಂಬಗಳ ಸಂದಿನಲ್ಲಿ ಒಂದರ ಮೇಲೊಂದು ಕೂರಿಸಿದ ಮರದ ಹಲಗೆಗಳು. ಆಚೆ ಕಡಲಿನಿಂದ ಏರಿ ಬರುವ ಉಪ್ಪು, ಈಚೆ ಭತ್ತ ಬೆಳೆಯುವ ನೆಲ. ಹಲಗೆಗಳಿಗೆ ಕೈಯೂರಿ, ತಲೆಗೆ ಹಳೆಯ ಟವೆಲ್ ಸುತ್ತಿಕೊಂಡು, ಸೊಂಟಮಟ್ಟದ ನೀರಿನಲ್ಲಿ ಒಬ್ಬರು ನಿಂತಿದ್ದಾರೆ. ಊರಿಗೆಲ್ಲ ಇವರು ಬಾಗಿಲಕ್ಕ.

ಏರಿಯ ಮೇಲೆ ಇನ್ನೊಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಅಳಿವೆಯ ನೀರಿನಲ್ಲಿ ಎರಡು ಬೆರಳು ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ಯೋಚಿಸುತ್ತಾರೆ. ಒಲೆಯ ಮುಂದೆ ಸಾರಿನ ರುಚಿ ನೋಡುವವರು ಹೀಗೇ ಮುಖ ಮಾಡುತ್ತಾರೆ.

"ಉಪ್ಪಿದೆ."

"ಎಷ್ಟು?"

"ಕಣ್ಣೀರಿನಷ್ಟು."

"ಯಾರ ಕಣ್ಣೀರು, ನಿಂದೋ ನಂದೋ?"

"ನಿಂದೇ. ನಂದು ಇನ್ನೂ ಜಾಸ್ತಿ ಉಪ್ಪು."

ಬಾಗಿಲಕ್ಕ ನಗುತ್ತಾರೆ. ನಗುವಾಗ ಅವರ ಸುತ್ತಲಿನ ನೀರೂ ಅಲುಗುತ್ತದೆ. ಇಬ್ಬರೂ ಕಾಯುತ್ತಾರೆ. ಎಲ್ಲೋ ದೂರದಲ್ಲಿ ದೋಣಿಯೊಂದರ ಎಂಜಿನ್ ಶುರುವಾಗಿ, ಮನಸ್ಸಿಲ್ಲದೆ ನಿಂತು, ಮತ್ತೆ ಶುರುವಾಗುತ್ತದೆ. ಬೆರಳು ಮತ್ತೆ ನೀರಿಗೆ, ಮತ್ತೆ ಬಾಯಿಗೆ. "ಹ್ಞೂಂ, ಈಗ ಸಪ್ಪೆ. ತೆಗಿ." ಮೇಲಿನ ಎರಡು ಹಲಗೆಗಳು ಮೇಲೆದ್ದು ಬರುತ್ತವೆ. ನೀರು ಕಿರಿದಾದ ಸಂದಿನಿಂದ ಗುಳುಗುಳು ಎನ್ನುತ್ತ ಕೆಳಗದ್ದೆಗೆ ಇಳಿಯುತ್ತದೆ. ಆ ಸದ್ದು ಕೇಳುತ್ತ ಅಲ್ಲೇ ಒರಗಿ ನಿದ್ದೆ ಹೋಗಿಬಿಡಬೇಕು ಅನ್ನಿಸುತ್ತದೆ ನನಗೆ.

ಕೆಲಸ ಇಷ್ಟೇ, ಆದರೆ ಬಯಲಿನ ಇಪ್ಪತ್ತಕ್ಕೂ ಮಿಕ್ಕಿದ ಮನೆಗಳ ಅನ್ನ ಇದರ ಮೇಲೆ ನಿಂತಿದೆ. ಮೇಲೆ ಮಳೆಯಾಗಿ ಹೊಳೆ ತುಂಬಿ ಬಂದಾಗ ಅಳಿವೆಯ ನೀರು ಸಿಹಿಯಾಗುತ್ತದೆ. ಆಗ ಬಾಗಿಲು ತೆಗೆದು ಗದ್ದೆಗೆ ನೀರು ಬಿಟ್ಟುಕೊಳ್ಳಬೇಕು. ಕಡಲು ಏರಿ ಉಪ್ಪು ತಳ್ಳಿಕೊಂಡು ಬರುವ ಮೊದಲು ಮುಚ್ಚಬೇಕು. ಎರಡೂ ನೀರು ಕಣ್ಣಿಗೆ ಒಂದೇ ಬಣ್ಣ, ಕೈಗೆ ಒಂದೇ ತಂಪು. ಗೊತ್ತಾಗುವುದು ನಾಲಿಗೆಗೆ ಮಾತ್ರ. "ಸಿಹಿನೀರು ಹಗುರ, ಮೇಲೆ ತೇಲ್ತಾ ಇರತ್ತೆ. ಉಪ್ಪುನೀರು ತಳದಲ್ಲಿ ಕಳ್ಳನ ಹಾಗೆ ಬರತ್ತೆ. ಅದಕ್ಕೇ ಒಂದೇ ಬಾಗಿಲು ಮಾಡ್ದೆ ಹಲಗೆ ಹಲಗೆಯಾಗಿ ಮಾಡಿರೋದು. ಮೇಲಿಂದು ತೆಗೆದ್ರೆ ಒಳಗೆ ಬಿಟ್ಕೊಳ್ಳೋಕೆ, ತಳದ್ದೂ ತೆಗೆದ್ರೆ ಹೊರಗೆ ಹಾಕೋಕೆ," ಎನ್ನುತ್ತಾರೆ ಬಾಗಿಲಕ್ಕ, ಒದ್ದೆ ಟವೆಲ್ ಹಿಂಡುತ್ತ.

ಇಷ್ಟೆಲ್ಲ ಬಲ್ಲವರಿಗೆ ರುಚಿ ನೋಡಲು ಇನ್ನೊಬ್ಬರ ನಾಲಿಗೆ ಏಕೆ ಬೇಕು? ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹೋಗುವ ಮೊದಲು ಇವತ್ತಿನ ಮಾತೊಂದಿದೆ. ಏರಿಯ ಮೇಲೆ ಕೂತಿರುವವರು ಬಾಗಿಲಕ್ಕನ ಓರಗಿತ್ತಿ. ಅವರ ಗಂಡ ಬಾಗಿಲಕ್ಕನ ಗಂಡನ ಸ್ವಂತ ತಮ್ಮ. ಈಗ ನೀರು ಇಳಿಯುತ್ತಿರುವ ಕೆಳಗದ್ದೆ ಅವರದೇ. ಉಪ್ಪು ಕುಡಿದು ಸುಟ್ಟುಹೋದ ಆ ಗದ್ದೆಯನ್ನು ತೊಳೆಯುತ್ತಿರುವುದು ಇದು ಮೂರನೆಯ ಸಲ. ಮಧ್ಯಾಹ್ನ ನೀರು ಇಳಿದ ಮೇಲೆ ಮಣ್ಣು ಸಪ್ಪೆಯಾಗಿದ್ದರೆ ನಾಟಿ. ಉಪ್ಪೇ ಉಳಿದಿದ್ದರೆ ಈ ಸಲದ ಕಾಲ ಮುಗಿಯಿತು, ಗದ್ದೆ ಸಿಗಡಿ ಸಾಕುವ ಹೊಂಡದವರಿಗೆ ಗುತ್ತಿಗೆಗೆ ಹೋಗುತ್ತದೆ. ಉತ್ತರ ಕೇಳಲು ಅವರ ಕಡೆಯ ಮನುಷ್ಯ ಇವತ್ತೇ ಬರುತ್ತಾನೆ.

ಬಾಗಿಲಕ್ಕನ ಮನೆಯ ಅಡುಗೆಕೋಣೆ ಚಿಕ್ಕದು, ಬೆಳಕು ದೊಡ್ಡದು. ಕಿಟಕಿಯ ಸರಳಿನಲ್ಲಿ ಒಣಗಲು ಹಾಕಿದ ಒಂದು ಜೊತೆ ರಬ್ಬರ್ ಚಪ್ಪಲಿ. ಗೋಡೆಗೆ ಒರಗಿಸಿಟ್ಟ ಹಳೆಯ ಹಲಗೆಯೊಂದು ಈಗ ತಟ್ಟೆ ಜೋಡಿಸುವ ಕಪಾಟಾಗಿದೆ. ಅದರ ಅಂಚಿನಲ್ಲಿ ಚಿಪ್ಪುಗಳು ಇನ್ನೂ ಅಂಟಿಕೊಂಡಿವೆ. ಗಂಡ ಬಂದರಿನ ಶೆಡ್ಡಿನಲ್ಲಿ ಬಲೆ ಹೊಲಿಯುತ್ತಾರೆ. ಮಗಳು ಮೀನು ಸ್ವಚ್ಛ ಮಾಡುವ ಕಾರ್ಖಾನೆಗೆ ಹೋಗುತ್ತಾಳೆ, ಬರುವಾಗ ಬೆರಳುಗಳು ಮಂಜುಗಡ್ಡೆಗೆ ಬಿಳಿಚಿಕೊಂಡಿರುತ್ತವೆ. ಈ ಬಯಲಿನಲ್ಲಿ ಗದ್ದೆಯೊಂದನ್ನೇ ನಂಬಿದ ಮನೆ ಒಂದೂ ಇಲ್ಲ. ಒಂದು ಕಾಲು ಕೆಸರಿನಲ್ಲಿ, ಇನ್ನೊಂದು ದೋಣಿಯಲ್ಲೋ ಐಸ್ ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ. ಪಾಲಾಗಿ ಪಾಲಾಗಿ ಗದ್ದೆಗಳು ಅಂಗಳದಷ್ಟಾಗಿವೆ. ಬೆಳೆದ ಅಕ್ಕಿ ವರ್ಷದ ಅರ್ಧಕ್ಕೆ ಬಂದರೆ ಪುಣ್ಯ.

"ಮತ್ತೆ ಯಾಕೆ ಬೆಳೀತೀರಿ?" ಎಂದು ಕೇಳಿದೆ. ಪೇಪರಿನವರು ಕೇಳಲೇಬೇಕಾದ ಪ್ರಶ್ನೆ.

"ಅರ್ಧ ವರ್ಷ ಅಂಗಡಿಯವನ ಮುಖ ನೋಡಬೇಕಾಗಿಲ್ಲವಲ್ಲ," ಅಂದರು. "ದೋಣಿ ಬರಿಗೈಲಿ ಬಂದ ದಿನಾನೂ ಮಡಕೇಲಿ ಅಕ್ಕಿ ಇದೆ ಅನ್ನೋ ಧೈರ್ಯ ಇರತ್ತೆ. ಅದು ಇದ್ರೆ ನಿದ್ದೆ ಬರತ್ತೆ, ಪೇಪರ್‌ನೋರೇ."

ಬಾಗಿಲು ಕಾಯುವ ಕೆಲಸ ಅವರಿಗೆ ಅತ್ತೆಯಿಂದ ಬಂತು. ಅತ್ತೆಗೆ ಅವರ ಅತ್ತೆಯಿಂದ. ಸಂಬಳವೆಂಬುದಿಲ್ಲ, ಕೊಯ್ಲಾದ ಮೇಲೆ ಪ್ರತಿ ಮನೆಯಿಂದ ಒಂದು ಬುಟ್ಟಿ ಭತ್ತ. ಇಬ್ಬರು ಗಂಡುಮಕ್ಕಳಿಗೆ ಪಾಲು ಮಾಡುವಾಗ ಅತ್ತೆ ದೊಡ್ಡ ಸೊಸೆಗೆ ಬಾಗಿಲನ್ನೂ ಮೇಲಿನ ತುಂಡು ನೆಲವನ್ನೂ ಕೊಟ್ಟರು. ಚಿಕ್ಕ ಸೊಸೆಗೆ ಅಗಲವಾದ ಕೆಳಗದ್ದೆ. ದೊಡ್ಡವರಿಗೆ ಗದ್ದೆ ಚಿಕ್ಕದಾಯಿತೆಂಬ ಹೊಟ್ಟೆಯುರಿ. ಚಿಕ್ಕವರಿಗೆ ಬಾಗಿಲು ಕೈತಪ್ಪಿತು, ಉಪ್ಪು ಬಂದರೆ ಮೊದಲು ಬರುವುದು ತನ್ನ ಗದ್ದೆಗೇ ಎಂಬ ಸಂಕಟ. ಅಲ್ಲಿಗೆ ಮಾತು ನಿಂತಿತು. ಅಕ್ಕಪಕ್ಕದ ಮನೆ, ಒಂದೇ ಗೋಡೆ, ಹತ್ತಿರ ಹತ್ತಿರ ಹದಿನೈದು ವರ್ಷ ಮಾತಿಲ್ಲ.

"ಮಾತಿಲ್ಲ ಅಂದ್ರೆ ನೇರ ಮಾತಿಲ್ಲ," ಎಂದು ತಿದ್ದುತ್ತಾರೆ ಓರಗಿತ್ತಿ, ಅಡುಗೆಕೋಣೆಯ ಬಾಗಿಲಲ್ಲಿ ಬಂದು ನಿಂತವರು. "ನಾನು ನನ್ನ ಕೋಳಿಗೆ ಬೈತಿದ್ದೆ, ಅವಳಿಗೆ ತಲುಪ್ತಿತ್ತು. ಅವಳು ಅವಳ ಬೆಕ್ಕಿಗೆ ಬೈತಿದ್ಲು, ನನಗೆ ತಲುಪ್ತಿತ್ತು."

"ಪಾಪ, ಆ ಬೆಕ್ಕು ಊರು ಬಿಟ್ಟೇ ಹೋಯ್ತು," ಎಂದರು ಬಾಗಿಲಕ್ಕ ಚಹಾ ಸೋಸುತ್ತ.

ಈ ವರ್ಷ ಮಳೆ ಶುರುವಾಗುವ ಹೊತ್ತಿಗೆ ಬಾಗಿಲಕ್ಕನಿಗೆ ಜ್ವರ ಬಂತು. ಮೈ ಕೆಂಡ, ಕಣ್ಣು ತೆರೆಯಲಾಗದ ತಲೆನೋವು. ಮಗಳು ಉಪ್ಪು ಖಾರವಿಲ್ಲದ ಪಥ್ಯದ ಅಡುಗೆ ಮಾಡಿ ಹಾಕಿದಳು. ಜ್ವರ ಬಿಟ್ಟಿತು. ಬಿಟ್ಟು ಹೋಗುವಾಗ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಊಟವೇ ಸಪ್ಪೆ ಇದ್ದ ಮನೆಯಲ್ಲಿ ಅದು ಯಾರಿಗೆ ಗೊತ್ತಾಗಬೇಕು! ಎದ್ದು ಓಡಾಡುವಂತಾದ ಮೊದಲ ಬೆಳಿಗ್ಗೆಯೇ ಅವರು ಏರಿಗೆ ಹೋದರು. ಬೆರಳು ಅದ್ದಿ ಬಾಯಿಗಿಟ್ಟುಕೊಂಡರು. ಏನೂ ಉಪ್ಪಿಲ್ಲ. ಹೊಳೆ ಬಂದಿದೆ, ಈ ಸಲ ಬೇಗ ಬಂದಿದೆ ಎಂದು ಖುಷಿಯಾಯಿತಂತೆ. ಕೈಯಾರೆ ಹಲಗೆ ತೆಗೆದು, ಮನೆಗೆ ಬಂದು, ನೆಮ್ಮದಿಯಿಂದ ಮಲಗಿದರು.

ಆಗ ಒಳಗೆ ಬಂದದ್ದು ಅಪ್ಪಟ ಕಡಲು. ಕೆಳಗದ್ದೆಯಲ್ಲಿ ಆಗಷ್ಟೇ ನಾಟಿ ಮಾಡಿದ್ದ ಸಸಿಗಳ ತುದಿ ಎರಡೇ ದಿನದಲ್ಲಿ ಕೆಂಪಾಯಿತು, ಆಮೇಲೆ ಬುಡವೂ.

"ಮೊದ್ಲು ನಂಗೆ ಅರ್ಥ ಆಗ್ಲಿಲ್ಲ. ನಾನು ಬಿಟ್ಟಿದ್ದು ಸಿಹಿನೀರಲ್ವಾ, ಮುಚ್ಚಿದ ಮೇಲೆ ಯಾರೋ ಬೇಕಂತ ಮತ್ತೆ ಹಲಗೆ ತೆಗೆದಿದಾರೆ ಅಂದ್ಕೊಂಡೆ. ಆಮೇಲೆ ಮಗಳು ಪಥ್ಯ ಬಿಡಿಸಿ ಮೀನು ಬೇಯಿಸಿ ಕೊಟ್ಳು. ಅದೂ ಸಪ್ಪೆ. ಉಪ್ಪು ಹಾಕಿಲ್ವೇನೇ ಅಂದೆ. ಜಾಸ್ತಿಯಾಗಿದೆ ಅಂತ ಅಪ್ಪ ಬೈತಿದಾರೆ, ನೀನು ಹೀಗಂತೀಯಲ್ಲಾ ಅಂದ್ಳು." ಬಾಗಿಲಕ್ಕ ಚಹಾದ ಲೋಟ ಕೆಳಗಿಡುತ್ತಾರೆ. "ಕೈಲಿದ್ದ ತುತ್ತು ಕೈಲೇ ಉಳೀತು. ಯಾರೂ ತೆಗೆದಿಲ್ಲ, ಉಪ್ಪು ಬಿಟ್ಟಿದ್ದು ನಾನೇ ಅಂತ ಗೊತ್ತಾಯ್ತು."

ಜ್ವರದಲ್ಲಿದ್ದೆ, ನನಗೇನೂ ಗೊತ್ತಿಲ್ಲ ಎಂದು ಅವರು ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ತಟ್ಟೆ ಸರಿಸಿ, ಕೈ ತೊಳೆದು, ಪಾಲಾದಂದಿನಿಂದ ದಾಟದ ಹೊಸ್ತಿಲ ಮುಂದೆ ಹೋಗಿ ನಿಂತರು. ನಿನ್ನ ಗದ್ದೆಗೆ ಉಪ್ಪು ಬಿಟ್ಟಿದ್ದು ನಾನು, ನನ್ನ ನಾಲಿಗೆ ಸತ್ತುಹೋಗಿದೆ ಎಂದರು.

ಮುಂದಿನದ್ದನ್ನು ಓರಗಿತ್ತಿಯ ಬಾಯಲ್ಲೇ ಕೇಳಬೇಕು. "ನಂಗೆ ನಂಬಿಕೆ ಬರ್ಲಿಲ್ಲ. ಹೊಟ್ಟೆಕಿಚ್ಚಿಗೆ ಮಾಡಿ ಈಗ ಕತೆ ಕಟ್ತಿದಾಳೆ ಅನ್ನಿಸ್ತು. ಒಳಗೆ ಹೋಗಿ ಒಂದು ಹಿಡಿ ಕಲ್ಲುಪ್ಪು ತಂದು ಅವಳ ಕೈಗೆ ಸುರಿದೆ. ತಿನ್ನು, ನೋಡೋಣ ಅಂದೆ. ತಿಂದ್ಲು ನೋಡಿ! ಕಡಲೆ ತಿಂದ ಹಾಗೆ ಕಟಕಟ ಅಂತ ತಿಂದ್ಲು. ಮುಖ ಒಂಚೂರೂ ಕಿವುಚಲಿಲ್ಲ. ನೋಡ್ತಾ ನಿಂತ ನನ್ನ ಬಾಯಿ ಉಪ್ಪುಪ್ಪಾಯ್ತು. ಸಾಕು ಉಗಿಯೇ ಅಕ್ಕ ಅಂತ ನಾನೇ ಅವಳ ಬೆನ್ನಿಗೆ ಗುದ್ದಿದೆ."

ಅಕ್ಕ ಎಂದು ಕರೆದದ್ದು ಅಷ್ಟು ವರ್ಷಗಳ ಮೇಲೆ ಅದೇ ಮೊದಲು. ಗುದ್ದಿದ್ದೂ ಅದೇ ಮೊದಲು ಅನ್ನಿ. ಮರುದಿನ ನಸುಕಿಗೆ ಬಾಗಿಲಕ್ಕ ಏರಿಗೆ ಬಂದರೆ ಓರಗಿತ್ತಿ ಆಗಲೇ ಬಂದು ಕೂತಿದ್ದರು. ಮುಖ ಗಂಟಿಕ್ಕಿಕೊಂಡೇ ಹೇಳಿದರಂತೆ: "ನಿನಗೋಸ್ಕರ ಬಂದಿಲ್ಲ, ನನ್ನ ಗದ್ದೆಗೋಸ್ಕರ ಬಂದಿದೀನಿ. ಅಲ್ಲಿ ಸಸಿ ನೆಡೋ ತನಕ ಬರ್ತೀನಿ, ಅಷ್ಟೇ." ಅಂದಿನಿಂದ ದಿನಕ್ಕೆರಡು ಸಲ ಈ ಜೋಡಿ ಏರಿಯ ಮೇಲೆ ಕಾಣುತ್ತದೆ. ತೋಳು ಒಬ್ಬರದು, ನಾಲಿಗೆ ಒಬ್ಬರದು.

ಸಿಗಡಿ ಹೊಂಡದವನನ್ನು ಕೆಟ್ಟವನೆಂದು ಬರೆದರೆ ಸುಳ್ಳಾಗುತ್ತದೆ. ನಯವಾಗಿ ಮಾತಾಡುತ್ತಾನೆ, ಕೂತ ಕುರ್ಚಿಯನ್ನು ತಾನೇ ಎತ್ತಿಡುತ್ತಾನೆ. ಓರಗಿತ್ತಿಯ ಗಂಡ ದೊಡ್ಡ ದೋಣಿಯಲ್ಲಿ ಅಡುಗೆಯವರು. ಕಡಲಿಗೆ ಹೋದರೆ ವಾರಗಟ್ಟಲೆ ಸುದ್ದಿಯಿಲ್ಲ. ಮನೆಯ ತಗಡು ತೂತಾಗಿ ಮೂರು ಕಡೆ ಪಾತ್ರೆ ಇಟ್ಟಿದ್ದಾರೆ. ಗದ್ದೆ ಗುತ್ತಿಗೆಗೆ ಕೊಟ್ಟರೆ ಮಾಡಿಗೆ ಹೊಸ ತಗಡು ಬರುತ್ತದೆ, ಕೆಸರಿನಲ್ಲಿ ಬೆನ್ನು ಬಗ್ಗಿಸುವುದು ತಪ್ಪುತ್ತದೆ. ಆದರೆ ಹೊಂಡಕ್ಕೆ ವರ್ಷವಿಡೀ ಉಪ್ಪುನೀರು ನಿಲ್ಲಿಸಬೇಕು. ಕೆಳಗದ್ದೆಯಲ್ಲಿ ನಿಂತ ಉಪ್ಪು ಮೆಲ್ಲಗೆ ಮೇಲಿನವರ ನೆಲಕ್ಕೂ ಊರುತ್ತದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಗದ್ದೆ ಹೊಂಡಕ್ಕೆ ಕೊಡುತ್ತಾರೆ. ಆಗ ಬಾಗಿಲೂ ಬೇಡ, ಬಾಗಿಲಕ್ಕನೂ ಬೇಡ. ಇದು ಬಯಲಿನ ಎಲ್ಲರಿಗೂ ಗೊತ್ತು. ಹಾಗೆಂದು ಓರಗಿತ್ತಿಗೆ ಕೊಡಬೇಡ ಎನ್ನಲು ಯಾರಿಗೂ ಬಾಯಿಲ್ಲ, ಸೋರುವುದು ಅವರ ಮಾಡು ತಾನೇ.

ಬಾಯಿಲ್ಲದವರು ಕೈಯಲ್ಲಿ ಹೇಳಿದ್ದಾರೆ. ಮಧ್ಯಾಹ್ನ ನಾವು ಬಯಲಿಗೆ ಹೋದಾಗ ಕೆಳಗದ್ದೆಯ ಬದುವಿನ ಮೇಲೆ ಸಸಿಯ ಕಟ್ಟುಗಳು ಸಾಲಾಗಿ ಬಿದ್ದಿವೆ. ನಾಟಿ ಮುಗಿದ ಮನೆಗಳವರು ತಮ್ಮಲ್ಲಿ ಮಿಕ್ಕ ಸಸಿಗಳನ್ನು ತಂದಿಟ್ಟು ಏನೂ ಹೇಳದೆ ಹೋಗಿದ್ದಾರೆ. ಒಂದು ಕಟ್ಟಿಗೆ ಹಳೆಯ ರಿಬ್ಬನ್ನು, ಇನ್ನೊಂದಕ್ಕೆ ಹರಿದ ಬಲೆಯ ದಾರ. ಬಿಸಿಲು ಮೋಡದೊಳಗೆ ಹೋಗಿ ಬಂದು ಮಾಡುತ್ತಿದೆ. ಅಳಿವೆಯ ನೀರು ಕೆಳಗಿಳಿದು ಕಪ್ಪು ಕೆಸರಿನ ದಡ ತೆರೆದುಕೊಂಡಿದೆ. ಬಾಗಿಲಕ್ಕ ಮೇಲಿನವನ್ನೆಲ್ಲ ತೆಗೆದು ತಳದ ಹಲಗೆಗೂ ಕೊಕ್ಕೆ ಹಾಕಿ ಜಗ್ಗುತ್ತಾರೆ, ಬೆಳಿಗ್ಗೆ ಒಳಬಂದ ನೀರು ಉಪ್ಪನ್ನು ಕಟ್ಟಿಕೊಂಡು ಹೊರಡುತ್ತದೆ. ಗದ್ದೆ ಬರಿದಾಗುವವರೆಗೆ ಕಾಯುತ್ತೇವೆ. ಏರಿಯ ಮೇಲೆ ಹೊಂಡದ ಕಡೆಯವನೂ ಬಂದು ಚಪ್ಪಲಿ ಕಳಚಿ ನಿಂತಿದ್ದಾನೆ.

ಪರೀಕ್ಷೆಯ ರೀತಿ ಹೀಗೆ. ಹಿಮ್ಮಡಿಯಿಂದ ಮಣ್ಣು ಒತ್ತಿ ಕುಳಿ ಮಾಡುತ್ತಾರೆ. ನೆಲದೊಳಗಿನ ನೀರು ಆ ಕುಳಿಗೆ ಮೆಲ್ಲಗೆ ಊರುತ್ತದೆ. ಮೇಲೆ ನಿಂತ ನೀರು ಸುಳ್ಳು ಹೇಳಬಹುದು, ಇದು ಹೇಳುವುದಿಲ್ಲ. ಬಾಗಿಲಕ್ಕ ಗದ್ದೆಯ ನಡುವೆ ಹಿಮ್ಮಡಿ ಊರುತ್ತಾರೆ. ಕುಳಿ ತುಂಬುತ್ತದೆ. ಓರಗಿತ್ತಿ ಬಗ್ಗಿ ಬೆರಳು ಅದ್ದುತ್ತಾರೆ, ಬಾಯಿಗಿಡುತ್ತಾರೆ, ಕಣ್ಣು ಮುಚ್ಚುತ್ತಾರೆ. ಇನ್ನೊಂದು ಕಡೆ ತಾವೇ ಹಿಮ್ಮಡಿ ಒತ್ತಿ ಕಾಯುತ್ತಾರೆ. ಮತ್ತೆ ಬೆರಳು.

"ಏನೇ?" ಎನ್ನುತ್ತಾರೆ ಬಾಗಿಲಕ್ಕ.

"ಸಪ್ಪೆ."

"ಸರಿಯಾಗಿ ನೋಡೇ."

"ಸಪ್ಪೆ ಅಂದ್ನಲ್ಲ! ಬೇಕಾದ್ರೆ ನೀನೇ ನೋಡು."

"ನಂಗೆ ಎಲ್ಲಾನೂ ಸಪ್ಪೇನೇ ಅಲ್ವೇನೇ," ಎಂದ ಬಾಗಿಲಕ್ಕ ನಗಲು ಹೋಗಿ, ಕೆಸರಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. ಓರಗಿತ್ತಿ ಏರಿಯ ಕಡೆ ತಿರುಗಿ ಕೂಗುತ್ತಾರೆ: "ಅಣ್ಣಾ, ಈ ವರ್ಷ ಇಲ್ಲ. ಬಿಸಿಲಲ್ಲಿ ನಿಲ್ಬೇಡಿ, ಮನೇಲಿ ಚಹಾ ಕುಡ್ಕೊಂಡು ಹೋಗಿ." ಆತ ತಲೆಯಾಡಿಸಿ ಚಪ್ಪಲಿ ಹಾಕಿಕೊಳ್ಳುತ್ತಾನೆ. ಮುಂದಿನ ವರ್ಷ ಬರುತ್ತಾನೆ, ಅದೂ ಎಲ್ಲರಿಗೂ ಗೊತ್ತು. ಮಾಡು ಈ ಮಳೆಗಾಲವೂ ಸೋರುತ್ತದೆ.

ಸಂಜೆಯ ಹೊತ್ತಿಗೆ ಗದ್ದೆಯ ಅರ್ಧ ಹಸಿರಾಗಿದೆ. ಎಲ್ಲಿಂದಲೋ ಬಂದ ಹೆಂಗಸರು ಸಾಲಾಗಿ ಬಗ್ಗಿ ನೆಡುತ್ತಿದ್ದಾರೆ, ನೀರಿನಲ್ಲಿ ಅವರ ನೆರಳೂ ನೆಡುತ್ತಿದೆ. ಬಾಗಿಲಕ್ಕ ಮಾತ್ರ ಏರಿಯ ಮೇಲೆ ಕೂತು ಅಳಿವೆಯತ್ತ ನೋಡುತ್ತಿದ್ದಾರೆ. ಕಡಲು ಮತ್ತೆ ಏರುವ ಹೊತ್ತು. ಎಲ್ಲ ಸರಿಹೋಯಿತಲ್ಲ, ಮುಖ ಏಕೆ ಬಾಡಿದೆ ಎಂದು ಕೇಳುತ್ತೇನೆ.

"ಸಸಿ ನೆಡೋ ತನಕ ಬರ್ತೀನಿ ಅಂದಿದ್ಲಲ್ಲ," ಎನ್ನುತ್ತಾರೆ ಮೆಲ್ಲಗೆ. "ನೆಟ್ಟಾಗ್ತಾ ಬಂತು."

ಅಷ್ಟರಲ್ಲಿ ಗದ್ದೆಯಿಂದ ಓರಗಿತ್ತಿ ಬೆನ್ನು ನೆಟ್ಟಗೆ ಮಾಡಿ ಇತ್ತ ನೋಡುತ್ತಾರೆ. ಕೈಯ ಸಸಿಕಟ್ಟನ್ನು ಪಕ್ಕದವರಿಗೆ ಕೊಟ್ಟು, ಕೆಸರು ತುಳಿಯುತ್ತ ಬಂದು, ಏರಿ ಹತ್ತಿ, ತಮ್ಮ ಮಾಮೂಲಿ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಬೆರಳು ನೀರಿಗೆ, ಬಾಯಿಗೆ. "ಉಪ್ಪು ಬಂತು. ಮುಚ್ಚೇ ಅಕ್ಕ, ಏನು ಕನಸು ಕಾಣ್ತಾ ಕೂತಿದೀಯ!" ಎಂದು ಗದರಿ, ಬಂದ ದಾರಿಯಲ್ಲೇ ಇಳಿದು ಹೋಗುತ್ತಾರೆ.

ಬಾಗಿಲಕ್ಕ ನೀರಿಗಿಳಿದು ಹಲಗೆಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಕೊನೆಯದನ್ನು ಅಂಗೈಯಿಂದ ತಟ್ಟಿ ಬಿಗಿ ಮಾಡುತ್ತಾರೆ. ಕಡಲು ಬಂದು ಆಚೆ ನಿಲ್ಲುತ್ತದೆ. ಹೊರಡುವ ಮುನ್ನ ನಾನು ಕೇಳುತ್ತೇನೆ, ನಾಲಿಗೆಯ ಬಗ್ಗೆ ಡಾಕ್ಟರ್ ಏನಂದರು ಎಂದು.

"ಕೆಲವರಿಗೆ ವಾಪಸ್ ಬರತ್ತಂತೆ. ಬಂದ್ರೂ ಬರಬಹುದು ಅಂದ್ರು." ಅವರು ಗದ್ದೆಯತ್ತ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. "ಅಲ್ಲಾ ಪೇಪರ್‌ನೋರೇ, ಈಗ ಹೇಳೋದನ್ನ ಬರ್ಕೊಳ್ಳೋದಾದ್ರೆ ಸಿನಿಮಾ ಪುಟದ ಹತ್ರ ಮಾತ್ರ ಹಾಕ್ಬೇಡಿ. ಅವಳು ಅದೊಂದು ಪುಟ ಓದ್ದೇ ಬಿಡಲ್ಲ."

"ಯಾವುದನ್ನ?"

"ನಾಲಿಗೆ ಬಂದ್ರೂ ನಾನು ಅವಳಿಗೆ ಹೇಳಲ್ಲ."