ಅಕ್ಕ ತಿಂದ ಅಲಸಂದೆ ಬೀಜ

ಕಳೆದ ಭಾನುವಾರ ನನ್ನ ಹಿತ್ತಲಿನ ಇಡೀ ಬೆಳೆಯನ್ನು ಬಿತ್ತುವ ಮೊದಲೇ ತಿಂದು ಮುಗಿಸಿದೆ. ಅವಲಕ್ಕಿ ಜೊತೆ!

ನಿಮಗೆ ಗೊತ್ತಲ್ಲ, ಹಳದೀಪುರದ ಈ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಕುಮಟಾದ ಆಫೀಸು, ಬಸ್ಸು, ಮನೆ. (ರಜೆಯ ದಿನ ಟಿವಿ ಹಾಕುವುದು ನೋಡಲಿಕ್ಕಲ್ಲ, ಮನೆಯಲ್ಲೊಂದು ದನಿ ಇರಲಿ ಅಂತ.) ಹೋದ ವರ್ಷ ಹಿತ್ತಲಲ್ಲಿ ಅಲಸಂದೆ ಹಾಕಿದ್ದೆ. ಅರ್ಧ ಮೊಳೆಯಲೇ ಇಲ್ಲ. ಈ ಸಲ, ಪಕ್ಕದ ಗದ್ದೆಯಲ್ಲಿ ತರಕಾರಿ ಬೆಳೆಯುವ ಮಾದೇವಿ ತನ್ನ ಮನೆಯ ಬೀಜವನ್ನೇ ಕೊಟ್ಟಳು.

"ಒಣಾ ಬೀಜ ಹಾಕ್ಬೇಡಿ ಅಕ್ಕೋರೆ. ರಾತ್ರೆ ನೆನೆಸಿ, ಬೆಳಗಾದ ಕೂಡ್ಲೆ ಊರಿ. ಬೇಗ ಮೊಳಕೆ ಬತ್ತದೆ. ಬಳ್ಳಿನೂ ಜೋರು, ಕಾಯಿನೂ ಜಾಸ್ತಿ. ನನ್ ಹತ್ರ ಉಳ್ದದ್ದು ಇಷ್ಟೇಯ, ಜೋಪಾನ."

ಶನಿವಾರ ಸಂಜೆ ಮಣ್ಣು ಹದ ಮಾಡಿ, ಕಾಳು ನೆನೆಸಿಟ್ಟೆ. ಅದೇ ರಾತ್ರಿ ಭಟ್ಕಳದಿಂದ ಅಕ್ಕ ಬಂದಳು. ಮರುದಿನ ಕುಮಟಾದಲ್ಲಿ ಅವಳ ಸೊಸೆಯ ಕಡೆಯವರ ಮದುವೆ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆ ಅವಳದು. ನನ್ನಲ್ಲಿಗೆ ಬರದೆ ಎಷ್ಟೋ ವರ್ಷವಾಗಿತ್ತು.

ಬೆಳಿಗ್ಗೆ ಒಗ್ಗರಣೆಯ ಘಮಕ್ಕೆ ಎಚ್ಚರವಾಯಿತು. ನನ್ನ ಅಡುಗೆಮನೆಯಲ್ಲಿ ಬೇರೆಯವರ ಒಗ್ಗರಣೆ! ಎದ್ದು ಓಡಿದರೆ, ಬಾಣಲೆಯಲ್ಲಿ ನನ್ನ ಬೀಜ. ತೆಂಗಿನತುರಿ ಸಮೇತ.

"ಅಕ್ಕಾ, ಅದು..."

"ಕಂಡೆ ಮಾರಾಯ್ತಿ! ನಾ ಬತ್ತೆ ಅಂತ ಫೋನ್ ಮಾಡಿದ್ದಕ್ಕೆ ಉಸಳಿಗೆ ಕಾಳು ನೆನೆಸಿಟ್ಟಿದ್ಯಲ್ಲೆ? ಅಲ್ಲಿ ಎಲ್ಲರಿಗೂ ಬೇಕಾದ್ದು ನಾನೇ ಮಾಡುದು. ನಂಗೆ ಎಂತ ಬೇಕು ಅಂತ ಕೇಳುವವರೇ ಇಲ್ಲ. ನೀನಾದ್ರೂ ನನ್ನ ನೆನೆಸ್ಕಂಡ್ಯಲ್ಲ ತಂಗಿ."

ನೀವೇ ಹೇಳಿ, ಬಿತ್ತಲಿಕ್ಕೆ ಇಟ್ಟದ್ದು ಅನ್ನಲು ಬಾಯಿ ಬರುತ್ತದೆಯೇ?

"ಹೌದೇ, ನಿಂಗೇ ಅಂತ ಇಟ್ಟದ್ದು," ಅಂದೆ.

ಎದುರುಬದುರು ಕೂತು ತಿಂದೆವು. ನಾನು ಎರಡು ಸಲ ಹಾಕಿಸಿಕೊಂಡೆ. ಇನ್ನೊಬ್ಬರು ಮಾಡಿ ಬಡಿಸಿದ್ದು ತಿಂದು ನನಗೂ ಬಹಳ ಕಾಲವಾಗಿತ್ತು.

"ಇನ್ನೊಂದು ದಿನ ಇರೇ."

"ಹ್ಯಾಂಗೆ ಆಗ್ತು? ನಾಳೆ ಮೊಮ್ಮಕ್ಕಳಿಗೆ ಶಾಲೆ. ಡಬ್ಬಿ ಕಟ್ಟುದು ಯಾರು?"

ಹೆದ್ದಾರಿಯವರೆಗೆ ಹೋಗಿ ಕುಮಟಾ ಬಸ್ಸು ಹತ್ತಿಸಿದೆ; ಮದುವೆಯೂಟ ಮುಗಿಸಿ ಅವಳು ಅಲ್ಲಿಂದಲೇ ಭಟ್ಕಳಕ್ಕೆ. ವಾಪಸ್ಸು ಬಂದರೆ ಸಿಂಕಿನಲ್ಲಿ ಎರಡು ತಟ್ಟೆ. ಮಧ್ಯಾಹ್ನದವರೆಗೂ ತೊಳೆಯಲು ಮನಸ್ಸಾಗಲಿಲ್ಲ.

ಸಂಜೆ ಬೇಲಿಯಾಚೆಯಿಂದ ಮಾದೇವಿ, "ಊರಿ ಆತಾ?" ಅಂದಳು. ನಡೆದದ್ದು ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ತಿಂದದ್ದಾತು, ಬಿಡಿ ಅಕ್ಕೋರೆ. ಮುಂದಿನ ವರ್ಷ ಮತ್ತೆ ಕೊಡ್ತೆ."

ಬೀಜಕ್ಕೇನೋ ಮುಂದಿನ ವರ್ಷವಿದೆ. ಅಕ್ಕ ಇನ್ನು ಬರುವುದು ಯಾರ ಮದುವೆಗೆ?